ಅಪ್‌ಡೇಟ್: ಹಳೆ ವಿದ್ಯಾರ್ಥಿಗಳ ಬಳಗದ ಹೊಣೆ ಒಪ್ಪಿಕೊಂಡೆ

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹಳೆ ವಿದ್ಯಾರ್ಥಿಗಳ ಬಳಗ ನಡೆಸಿಕೊಂಡು ಹೋಗು ಅಂತ ಹೇಳ್ತಿದ್ದಾರೆ, ಒಪ್ಪಿಕೊಳ್ಳಲಾ ಅಂತ ಇಲ್ಲಿ ಕೇಳಿದ್ದೆ. ಒಪ್ಪಿಕೊಂಡೆ. ಧೈರ್ಯ ಹೇಳಿದ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಹಿರಿಯರು ನನ್ನ ಮಾತು ಕೇಳ್ತಾರಾ ಅನ್ನೋ ಭಯವಿತ್ತು, ಅಲ್ವಾ? ಕೇಳಿದರು. ವಿಶ್ವವಿದ್ಯಾಲಯ ಶುರುವಾಗಿದ್ದು 1949ರಲ್ಲಿ. ಅದರಿಂದ ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಲ್ಲಿ ಬೇರೆಯಾದವು. ಹಾಗಾಗಿ ಅದಕ್ಕೂ ಮೊದಲು ಓದಿದ ಬೀದರ್ ಕಡೆಯ ಹಿರಿಯರೂ ನಮ್ಮವರೇ. ಅವರ ಫೋನ್ ಬಂದರೆ ಬೇಗ ಇಡೋಕೆ ಮನಸ್ಸೇ ಬರಲ್ಲ.

ಸನ್ಮಾನ, ಶಾಲು, ಹಾರ ಆಮೇಲೆ ನೋಡೋಣ ಅಂದೆ. ಮೊದಲು ಸ್ಕಾಲರ್‌ಶಿಪ್ ಕೆಲಸ ಹಿಡಿದೆವು. ಶಿರಹಟ್ಟಿ, ರೋಣ, ಸವಣೂರು ಕಡೆಯಿಂದ ಬರುವ ಎಷ್ಟೋ ಮಕ್ಕಳ ಮನೆಯಲ್ಲಿ ಈ ಅರ್ಜಿ ಗೊತ್ತಿರುವವರೇ ಇಲ್ಲ. ಒಬ್ಬ ಹುಡುಗಿ ಸರ್ಕಾರಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕೋ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಎಲ್ಲ ತುಂಬಿದ್ದಳು, ದುಡ್ಡು ಮಾತ್ರ ಬಂದಿರಲಿಲ್ಲ. ಪಾಸ್‌ಬುಕ್ ಹಿಡಿದುಕೊಂಡು ಬಂದಳು. ನೋಡಿದರೆ ಖಾತೆಗೆ ಆಧಾರ್ ಜೋಡಣೆಯೇ ಆಗಿರಲಿಲ್ಲ. ಬ್ಯಾಂಕಿನಲ್ಲಿ ನಿವೃತ್ತರಾದ ನಮ್ಮ ಹಿರಿಯರೊಬ್ಬರು ಅವಳ ಜೊತೆ ಹೋಗಿ, ಫಾರ್ಮ್ ತುಂಬಿಸಿ ಕೊಟ್ಟು ಬಂದರು. ಬಳಗ ಅಂದರೆ ನನಗೆ ಇದೇ.

ಅವ್ವ ಫೋನಿನಲ್ಲಿ ಕೇಳಿದ್ದು ಒಂದೇ, ‘ಪಗಾರ ಎಷ್ಟು ಕೊಡ್ತಾರವಾ?’ ಇಲ್ಲ ಅಂದೆ. ‘ಇರಲಿ, ಮಾಡು’ ಅಂದಳು.

ಈಗ ಹಾಸ್ಟೆಲ್ ಮಕ್ಕಳಿಗೆ ಭಾನುವಾರ ಇಂಟರ್‌ವ್ಯೂ ತಯಾರಿ ಮಾಡಿಸಬೇಕು. ಹುಬ್ಬಳ್ಳಿ, ಗದಗ ಕಡೆ ಇರುವ ಹಳಬರು ಯಾರಾದರೂ ಬರ್ತೀರಾ? ಕೆಳಗೆ ತಿಳಿಸಿ.