ಸಂಬಳದ ಜೊತೆ ಫ್ರೀಲಾನ್ಸ್ ಆದಾಯ: ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬೇಕಾ?

ಪ್ರಶ್ನೆ

2025-26ನೇ ಹಣಕಾಸು ವರ್ಷದ ಲೆಕ್ಕ. ಸಂಬಳ 15 ಲಕ್ಷ, ಹೊಸ ತೆರಿಗೆ ಪದ್ಧತಿ. ಅದರ ತೆರಿಗೆ ಕಂಪನಿಯೇ ಹಿಡಿಯುತ್ತದೆ. ಬಿಡುವಿನಲ್ಲಿ ಮಾಡಿಕೊಡುವ ಸಾಫ್ಟ್‌ವೇರ್ ಕೆಲಸದಿಂದ ಮಾರ್ಚ್ ಮುಗಿಯುವಷ್ಟರಲ್ಲಿ 4 ಲಕ್ಷ ಆಗುತ್ತದೆ, ಎಲ್ಲ ಬ್ಯಾಂಕ್ ಮೂಲಕ. ಗಿರಾಕಿ 10% ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಮುರಿಯುತ್ತಾರೆ. ಖರ್ಚು ಸುಮಾರು 60 ಸಾವಿರ. ‘ಇತರ ಮೂಲಗಳ ಆದಾಯ’ ಅಂತ ಐಟಿಆರ್-1 ರಿಟರ್ನ್ ಫಾರ್ಮ್‌ನಲ್ಲಿ ತೋರಿಸಿದರೆ ಸಾಕಾ? ಅಡ್ವಾನ್ಸ್ ಟ್ಯಾಕ್ಸ್ (ವರ್ಷದೊಳಗೇ ಮುಂಗಡವಾಗಿ ಕಟ್ಟುವ ತೆರಿಗೆ) ಬೇಕಾ?

ಉತ್ತರ 1

ಐಟಿಆರ್-1 ಬೇಡವೇ ಬೇಡ. ಟಿಡಿಎಸ್ ಆದಾಯ ತೆರಿಗೆ ಕಾಯ್ದೆಯ ಕಲಂ 194ಜೆ ಅಡಿ ಕಟ್ಟಿದ್ದರೆ ಅದು ವೃತ್ತಿಯ ಆದಾಯ ಎಂದು ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ನಲ್ಲಿ ಆಗಲೇ ಕೂತಿರುತ್ತದೆ, ತಾಳೆಯಾಗದಿದ್ದರೆ ನೋಟಿಸ್ ಬರಬಹುದು.

ಸಾಫ್ಟ್‌ವೇರ್ ಕೆಲಸಕ್ಕೆ 44ಎಡಿಎ (ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಕಲಂ) ಸಿಗುತ್ತದೆ. ಬಂದ ಹಣದ ಅರ್ಧ ಲಾಭ ಎಂದು ತೋರಿಸಿದರೆ ಆಯಿತು, ಲೆಕ್ಕದ ಪುಸ್ತಕ ಬೇಕಿಲ್ಲ. ಆದರೆ ಆಮೇಲೆ ಲ್ಯಾಪ್‌ಟಾಪ್, ಇಂಟರ್ನೆಟ್ ಅಂತ ಮತ್ತೆ ಖರ್ಚು ಕಳೆಯುವಂತಿಲ್ಲ.

ನಿಮ್ಮ ಲೆಕ್ಕ ಹೀಗೆ. ಸಂಬಳದಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 14,25,000. ಸೆಸ್ ಸೇರಿ ತೆರಿಗೆ 97,500. ಇದಕ್ಕೆ 44ಎಡಿಎ ಪ್ರಕಾರ 2 ಲಕ್ಷ ಸೇರಿಸಿದರೆ 16,25,000, ತೆರಿಗೆ 1,30,000. ಹೆಚ್ಚಿದ್ದು 32,500. ಗಿರಾಕಿ 40,000 ಮುರಿದಿದ್ದರೆ ನಿಮಗೇ 7,500 ವಾಪಸ್ ಬರಬೇಕು. ಅಡ್ವಾನ್ಸ್ ಟ್ಯಾಕ್ಸ್ ಪ್ರಶ್ನೆಯೇ ಇಲ್ಲ.

ಅದೇ ನಿಜವಾದ ಖರ್ಚು 60,000 ಮಾತ್ರ ಕಳೆದು 3,40,000 ಲಾಭ ತೋರಿಸಿದರೆ ಒಟ್ಟು ತೆರಿಗೆ 1,59,120 ಆಗುತ್ತದೆ, ಕಂಪನಿ ಹಿಡಿದ 97,500, ಗಿರಾಕಿ ಮುರಿದ 40,000 ಕಳೆದರೂ 21,620 ಬಾಕಿ. ಖರ್ಚು ಅರ್ಧಕ್ಕಿಂತ ಕಡಿಮೆ ಇರುವವರಿಗೆ 44ಎಡಿಎ ಲಾಭ ಎನ್ನುವುದು ಇದಕ್ಕೇ.

ರಿಟರ್ನ್ ಐಟಿಆರ್-4. ಷೇರು ಮಾರಿ ಅಲ್ಪಾವಧಿ ಲಾಭ ಬಂದಿದ್ದರೆ ಐಟಿಆರ್-3. ಅದರಲ್ಲೂ 44ಎಡಿಎ ಹಾಕಬಹುದು.

ಪ್ರಶ್ನೆ ಕೇಳಿದವರು

ಈಗ ಫಾರ್ಮ್ 26ಎಎಸ್ (ನನ್ನ ಹೆಸರಲ್ಲಿ ಕಡಿತವಾದ ತೆರಿಗೆಯ ಪಟ್ಟಿ) ತೆಗೆದು ನೋಡಿದೆ. 10% ಅಲ್ಲ, 2% ಮಾತ್ರ ಇದೆ. 194ಜೆಎ ಅಂತ ತೋರಿಸುತ್ತಿದೆ.

ಉತ್ತರ 2

ಹಾಗಾದರೆ ಲೆಕ್ಕ ತಿರುಗಿತು. ಗಿರಾಕಿ ಇದನ್ನು ತಾಂತ್ರಿಕ ಸೇವೆ ಎಂದು ಪರಿಗಣಿಸಿದ್ದಾರೆ (10% ಇದ್ದಿದ್ದರೆ 194ಜೆಬಿ ಇರುತ್ತಿತ್ತು). ಟಿಡಿಎಸ್ ವರ್ಷಕ್ಕೆ 8,000 ಅಷ್ಟೇ ಆಗುತ್ತದೆ. 32,500ರಲ್ಲಿ ಅದು ಹೋದರೆ 24,500 ಬಾಕಿ. ಟಿಡಿಎಸ್ ಕಳೆದು 10,000 ಅಥವಾ ಹೆಚ್ಚು ಉಳಿದರೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಲೇಬೇಕು.

44ಎಡಿಎ ಆಯ್ದುಕೊಂಡವರಿಗೆ ನಾಲ್ಕು ಕಂತಿನ ತಲೆನೋವಿಲ್ಲ. ಮಾರ್ಚ್ 15ರೊಳಗೆ ಪೂರ್ತಿ ಕಟ್ಟಿದರೆ ಸಾಕು. ಅದು ತಪ್ಪಿದರೂ ಮಾರ್ಚ್ 31ರೊಳಗೆ ಕಟ್ಟಿ. ಆಗ ಕಂತು ತಪ್ಪಿದ್ದಕ್ಕೆ ಕಲಂ 234ಸಿ ಬಡ್ಡಿ 1% ಮಾತ್ರ, 245 ರೂಪಾಯಿ. ಏಪ್ರಿಲ್ ಹುಟ್ಟಿದ ಮೇಲೆ ಬಾಕಿ ಉಳಿಸಿದ್ದಕ್ಕೆ 234ಬಿ ಬಡ್ಡಿ ಕೂಡ ಸೇರಿಕೊಂಡು ತಿಂಗಳಿಗೆ 1% ಓಡುತ್ತದೆ. ಜುಲೈನಲ್ಲಿ ಕಟ್ಟಿದರೆ 4 ತಿಂಗಳಿಗೆ ಇನ್ನೊಂದು 980. ತಿಂಗಳ ಒಂದು ದಿನವಾದರೂ ಪೂರ್ತಿ ತಿಂಗಳೇ ಲೆಕ್ಕ.

ಚಲನ್ (ತೆರಿಗೆ ಕಟ್ಟುವ ಚೀಟಿ) ಆದಾಯ ತೆರಿಗೆ ಪೋರ್ಟಲ್‌ನ ಇ-ಪೇ ಟ್ಯಾಕ್ಸ್‌ನಲ್ಲಿ ಮಾಡಿ. ಹೆಚ್ಚಿನವರು ಎಡವುವುದು ಇಲ್ಲೇ: ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ವರ್ಷದ ಮುಂದಿನದು) 2026-27 ಆಯ್ದುಕೊಳ್ಳಬೇಕು, 2025-26 ಅಲ್ಲ. ಬಗೆ ‘ಅಡ್ವಾನ್ಸ್ ಟ್ಯಾಕ್ಸ್ (100)’; 300 ಎಂದರೆ ಸೆಲ್ಫ್ ಅಸೆಸ್‌ಮೆಂಟ್. ವರ್ಷ ತಪ್ಪಿದರೆ ಕಟ್ಟಿದ ಹಣ ಈ ರಿಟರ್ನ್‌ನಲ್ಲಿ ಕಾಣುವುದೇ ಇಲ್ಲ. ಪೋರ್ಟಲ್‌ನಲ್ಲಿ ಚಲನ್ ತಿದ್ದುಪಡಿ ಇದೆ, ಆದರೆ ಗಡುವು ಚಿಕ್ಕದು, ಅವತ್ತೇ ನೋಡಿಕೊಳ್ಳಿ.

ಉತ್ತರ 3

ಚಲನ್ ಬೇಡ ಎನಿಸಿದರೆ ಇನ್ನೊಂದು ದಾರಿ: ಬೇರೆ ಆದಾಯ ಇಷ್ಟಿದೆ, ಅದರ ಟಿಡಿಎಸ್ ಇಷ್ಟಾಗಿದೆ ಎಂದು ಪೇರೋಲ್‌ನವರಿಗೆ ಬರೆದುಕೊಟ್ಟರೆ 192(2ಬಿ) ಅಡಿ ಮಾರ್ಚ್ ಸಂಬಳದಲ್ಲೇ ಹಿಡಿಯುತ್ತಾರೆ. ಸೈಡ್ ಕೆಲಸ ಕಂಪನಿಗೆ ತಿಳಿಯುತ್ತದೆ ಅನ್ನುವುದು ನೆನಪಿರಲಿ.

ಹಳೆ ಪದ್ಧತಿಗೆ ಹೋಗುವ ಯೋಚನೆಯಿದ್ದರೆ ಹುಷಾರು. ವೃತ್ತಿ ಆದಾಯ ಇರುವವರು ಅದಕ್ಕೆ ಫಾರ್ಮ್ 10-ಐಇಎ ಕೊಡಬೇಕು. ಒಮ್ಮೆ ಹಳೆಯದಕ್ಕೆ ಹೋಗಿ ಮತ್ತೆ ಹೊಸದಕ್ಕೆ ಬಂದರೆ, ಆ ಆದಾಯ ಇರುವವರೆಗೆ ಪುನಃ ಹಳೆಯದು ಸಿಗುವುದಿಲ್ಲ. ಬರೀ ಸಂಬಳದವರ ಹಾಗೆ ವರ್ಷವರ್ಷ ಬದಲಿಸಲು ಆಗದು.