ಓಕ್ ರಿಡ್ಜ್‌ನಲ್ಲಿ ತಾಮ್ರದ ಬದಲು ಬೆಳ್ಳಿ ಯಾಕೆ?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಓಕ್ ರಿಡ್ಜ್ ಊರಿನ ವೈ-12 ಕಾರ್ಖಾನೆಯವರು ಅಣುಬಾಂಬಿಗಾಗಿ ಯುರೇನಿಯಂ ಬೇರ್ಪಡಿಸುವ ಮ್ಯಾಗ್ನೆಟ್‌ಗಳಿಗೆ ಬೆಳ್ಳಿ ಸುತ್ತಿದ್ದರಂತೆ. ನಿಜಾನಾ?

ಉತ್ತರ 1: ನಿಜ ಸರ್. ತಾಮ್ರವೆಲ್ಲ ಯುದ್ಧದ ಸಾಮಾನಿಗೇ ಸಾಲುತ್ತಿರಲಿಲ್ಲ. ಸರ್ಕಾರಿ ಖಜಾನೆಯಿಂದ 13,000 ಟನ್‌ಗೂ ಜಾಸ್ತಿ ಬೆಳ್ಳಿ ಸಾಲ ತಂದರು. ತೂತು ಕೊರೆಯುವಾಗ ಉದುರುವ ಪುಡಿಯೂ ಹೋಗಬಾರದು ಅಂತ ಕೆಳಗೆ ಕಾಗದ ಹಾಸುತ್ತಿದ್ದರು. ಕೊನೆಯ ಕಂತು ವಾಪಸಾಗಿದ್ದು 1970ರಲ್ಲಿ. ಸಾಲ ಅಂದ್ರೆ ಹೀಗಿರಬೇಕು, ಅಲ್ವಾ?

ಉತ್ತರ 2: ಕೆಲಸದ ತತ್ವ ಸರಳ. ಕಾಂತಕ್ಷೇತ್ರದಲ್ಲಿ ಯುರೇನಿಯಂ ಅಯಾನುಗಳು (ವಿದ್ಯುದಾವೇಶ ಇರುವ ಪರಮಾಣುಗಳು) ಬಾಗುತ್ತವೆ. ಬಾಂಬಿಗೆ ಬೇಕಾದ, ಹಗುರವಾದ ಬಗೆ ಯುರೇನಿಯಂ-235 ಸ್ವಲ್ಪ ಚಿಕ್ಕ ವೃತ್ತದಲ್ಲಿ ತಿರುಗಿ ಬೇರೆ ಡಬ್ಬಿಗೆ ಬೀಳುತ್ತದೆ. ಆದರೆ ಸುಮಾರು ಪಾಲು ಗೋಡೆಗೇ ಅಂಟುತ್ತಿತ್ತು. ಅದನ್ನು ತೊಳೆದು ತೆಗೆಯೋದೇ ದೊಡ್ಡ ಗೋಳು.

ಪ್ರಶ್ನೆ ಕೇಳಿದವರು: ಯಂತ್ರ ನಡೆಸಿದವರು ವಿಜ್ಞಾನಿಗಳಾ?

ಉತ್ತರ 1: ಹೆಚ್ಚಾಗಿ ಆಗಷ್ಟೇ ಹೈಸ್ಕೂಲು ಮುಗಿಸಿದ ಹುಡುಗಿಯರು. ಡಾಕ್ಟರೇಟ್ ಪಡೆದವರ ಜೊತೆ ಪಂದ್ಯ ಇಟ್ಟಾಗ ಗೆದ್ದದ್ದೂ ಅವರೇ. ತಾವು ಏನು ತಯಾರಿಸುತ್ತಿದ್ದೇವೆ ಅಂತ ಮಾತ್ರ ಅವರಿಗೆ ಯಾರೂ ಹೇಳಿರಲಿಲ್ಲ.