ಸತ್ಯವೇದ ಒಂದೇ ಸಾಕಾ, ವಿಶ್ವಾಸದ ಅರಿಕೆಯನ್ನೂ ಕಲಿಸಬೇಕಾ? ನಿಮ್ಮ ಅನುಭವ ಹೇಳಿ

ಹೊಸ ಪಾಠದವಳು:
ಸಭೆಯ ಯುವಕರಿಗೆ ಸತ್ಯವೇದ ಅಧ್ಯಯನ ನಡೆಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಬ್ಬ ಹಿರಿಯರು ವೆಸ್ಟ್‌ಮಿನ್‌ಸ್ಟರ್ ಅರಿಕೆಯ (1640ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಪಂಡಿತರು ಕೂತು ಬರೆದಿಟ್ಟ ನಂಬಿಕೆಯ ಸಾರ) ಮೊದಲ ಅಧ್ಯಾಯದಿಂದ ಶುರು ಮಾಡು ಅನ್ನುತ್ತಾರೆ. ಇನ್ನೊಬ್ಬರು, ಸತ್ಯವೇದ ಬಿಟ್ಟು ಬೇರೆ ಕಾಗದ ಮೇಜಿನ ಮೇಲೆ ಕಾಣಿಸಬಾರದು ಅನ್ನುತ್ತಾರೆ. ಹುಡುಗರು ಪ್ರಶ್ನೆ ಜಾಸ್ತಿ ಕೇಳುತ್ತಾರೆ. ಮೊದಲ ಪಾಠ ಯಾವುದು ಇಡಲಿ? ನೀವೇನು ಮಾಡಿದಿರಿ?

ಹಳೇ ಬೈಂಡು:
ನಾನು ಬೆಳೆದದ್ದು ‘ನಮಗೆ ಅರಿಕೆ ಗಿರಿಕೆ ಇಲ್ಲ, ವಾಕ್ಯ ಮಾತ್ರ’ ಅನ್ನುವ ಸಭೆಯಲ್ಲಿ. ಅರಿಕೆ ಇತ್ತು, ಬರೆದಿಡಲಿಲ್ಲ ಅಷ್ಟೇ. ಅದು ಪಾಸ್ಟರ ತಲೆಯೊಳಗಿತ್ತು. ಪ್ರಕಟನೆ 20ರ ಸಾವಿರ ವರ್ಷವನ್ನು ಅವರು ಓದಿದಂತೆ ನಾನು ಓದಲಿಲ್ಲ. ‘ನೀನು ಜಗಳ ಆಡುತ್ತಿರುವುದು ನನ್ನ ಜೊತೆ ಅಲ್ಲ, ದೇವರ ವಾಕ್ಯದ ಜೊತೆ’ ಅಂದರು. ಅದಕ್ಕೆ ಯಾರು ಏನು ಉತ್ತರ ಕೊಡೋದು? ಮೊದಲು ಭಾನುವಾರದ ಮಕ್ಕಳ ತರಗತಿ ಹೋಯಿತು. ಆಮೇಲೆ ಪ್ರಾರ್ಥನೆಗೆ ಹೆಸರು ಕರೆಯುವುದು ನಿಂತಿತು. ಹೆಂಡತಿಯ ಅಕ್ಕ ಈಗಲೂ ಫೋನ್ ಎತ್ತುವುದಿಲ್ಲ. ಓದಲು ಕೊಟ್ಟಿದ್ದ, ರೋಮಾಪುರದವರಿಗೆ ಬರೆದ ಪತ್ರಿಕೆಯ ವ್ಯಾಖ್ಯಾನ ಅಲ್ಲೇ ಉಳಿಯಿತು, ಪುಟಪುಟಕ್ಕೂ ನನ್ನ ಪೆನ್ಸಿಲ್ ಗೆರೆ ಇದ್ದದ್ದು. ಬರೆದಿಟ್ಟ ಅರಿಕೆ ಇದ್ದರೆ ಅದನ್ನು ಪಾಸ್ಟರ ಮುಂದೆಯೇ ಹಿಡಿದು ಕೇಳಬಹುದು. ಅಪೊಸ್ತಲರ ಕಾಲದ ನಂತರದ ಎಲ್ಲ ಸಭಾಕೂಟಗಳೂ ತಪ್ಪಬಹುದು, ಎಷ್ಟೋ ತಪ್ಪಿವೆ ಅಂತ ವೆಸ್ಟ್‌ಮಿನ್‌ಸ್ಟರ್ ಅರಿಕೆಯೇ 31ನೇ ಅಧ್ಯಾಯದಲ್ಲಿ ಒಪ್ಪುತ್ತದೆ. ನಮ್ಮ ಪಾಸ್ಟರು ಅಷ್ಟು ಯಾವತ್ತೂ ಒಪ್ಪಲಿಲ್ಲ.

ಬೆರೋಯದ ದಾರಿ:
ನನ್ನದು ಉಲ್ಟಾ. ಅದೇ ವೆಸ್ಟ್‌ಮಿನ್‌ಸ್ಟರ್‌ನವರ ಕಿರಿಯ ಪ್ರಶ್ನೋತ್ತರದ 107 ಉತ್ತರಗಳೂ ನನಗೆ ಬಾಯಿಪಾಠ. ಹಬಕ್ಕೂಕ ತೆರೆ ಅಂದರೆ ಮಾತ್ರ ವಿಷಯಸೂಚಿ ನೋಡಬೇಕು. ಶಿಶುಗಳಿಗೆ ದೀಕ್ಷಾಸ್ನಾನ ಎಲ್ಲಿ ಹೇಳಿದೆ ಅಂತ ಹಿರಿಯರನ್ನು ಕೇಳಿದೆ. 28ನೇ ಅಧ್ಯಾಯ ಓದು ಅಂದರು. ಸತ್ಯವೇದದ್ದಲ್ಲ, ಅರಿಕೆಯದ್ದು! ಕೊನೆಗೆ ದೊಡ್ಡವನಾದ ಮೇಲೆ ನೀರಿಗೆ ಇಳಿದೆ. ಅಪ್ಪ ಬರಲಿಲ್ಲ. ಅಮ್ಮ ಬಂದು ಹಿಂದಿನ ಸಾಲಿನಲ್ಲಿ ಕೂತು, ಮುಗಿಯುವ ಮೊದಲೇ ಎದ್ದು ಹೋದರು. ಬೆರೋಯ ಊರಿನವರು ಪೌಲನ ಮಾತನ್ನೇ ಶಾಸ್ತ್ರಕ್ಕೆ ಹಚ್ಚಿ ನೋಡಿದರು, ಅಪೊಸ್ತಲರ ಕೃತ್ಯ 17:11. ಪೌಲನಿಗೇ ಇಲ್ಲದ ರಿಯಾಯಿತಿ 1640ರ ದಶಕದ ಪಂಡಿತರಿಗೆ ಯಾಕೆ? ‘ವಾಕ್ಯವೇ ಕೊನೆಯ ಮಾತು’ ಅಂದ ಸುಧಾರಕರ ಊರು ಜೂರಿಕ್. ವಾಕ್ಯ ಓದಿ ಮತ್ತೆ ದೀಕ್ಷಾಸ್ನಾನ ಪಡೆದ ಫೆಲಿಕ್ಸ್ ಮಾನ್ಸ್‌ನನ್ನು ಅಲ್ಲಿಯೇ 1527ರಲ್ಲಿ ನದಿಯಲ್ಲಿ ಮುಳುಗಿಸಿದರು.

ಹಳೇ ಬೈಂಡು:
ಮಾನ್ಸ್ ಹೆಸರು ಬರುತ್ತದೆ ಅಂತ ಗೊತ್ತಿತ್ತು. ಹಾಗಾದರೆ ನಾನು 1534ರ ಮ್ಯೂನ್‌ಸ್ಟರ್ ಕಥೆ ತೆಗೆಯಲಾ, ಮತ್ತೆ ದೀಕ್ಷಾಸ್ನಾನ ಪಡೆದವರೇ ಊರನ್ನು ಬಲವಂತವಾಗಿ ಹಿಡಿದದ್ದು?

ಬೆರೋಯದ ದಾರಿ:
ಮಾನ್ಸ್ ಸತ್ತು ಏಳು ವರ್ಷ ಆದ ಮೇಲಿನದಕ್ಕೆ ಅವನು ಹೊಣೆಯಾ? ಸುಮ್ನೆ ಏನೋ ಎಳೆದು ತರಬೇಡಿ.

ಅಂಚಿನ ಟಿಪ್ಪಣಿ:
ನಿಮ್ಮಿಬ್ಬರ ಜಗಳ ಆಮೇಲೆ. ಹುಡುಗರು ಕೇಳುವುದು ಆವರಣ ಚಿಹ್ನೆಯ ಬಗ್ಗೆ. ಮಾರ್ಕ 16:9ರಿಂದ 20ರವರೆಗೆ ಯಾಕೆ ಆವರಣದೊಳಗಿದೆ ಅಂತ. ಆ ಭಾಗದ ಮೇಲೆ ನಾನು ಉಪದೇಶ ಸಿದ್ಧ ಮಾಡಿಕೊಂಡಿದ್ದೆ. ಹಿಂದಿನ ರಾತ್ರಿ ಅಡಿಟಿಪ್ಪಣಿ ಓದಿದೆ: ಅತಿ ಹಳೆಯ ಕೆಲವು ಹಸ್ತಪ್ರತಿಗಳಲ್ಲಿ ಈ ವಾಕ್ಯಗಳಿಲ್ಲ. ಸಭೆಯಲ್ಲಿ ಅದನ್ನೇ ಹೇಳಿದೆ, ಗುಟ್ಟು ಯಾಕೆ ಅಂತ. ಅವತ್ತಿಗೆ ನನ್ನ ಉಪದೇಶದ ಸರದಿ ಮುಗಿಯಿತು. ಉದಾರವಾದಿ, ಅಂದರೆ ಸತ್ಯವೇದವನ್ನು ಪೂರ್ತಿ ನಂಬದವರು, ಅನ್ನುವ ಹಣೆಪಟ್ಟಿ ಬೇರೆ. ಸತ್ಯವೇದದಲ್ಲಿ ತಪ್ಪಿಲ್ಲ ಅಂತ ಸಾರುವ 1978ರ ಷಿಕಾಗೋ ಹೇಳಿಕೆ ಬರೆದವರು ಉದಾರವಾದಿಗಳಾ? ದೇವರ ಪ್ರೇರಣೆ ಅನ್ನುವುದು ಖಚಿತವಾಗಿ ಹೇಳುವುದಾದರೆ ಮೂಲಪ್ರತಿಗೆ ಮಾತ್ರ ಸಲ್ಲುತ್ತದೆ ಅಂತ ಅವರೇ ಬರೆದಿದ್ದಾರಲ್ಲ. ಗ್ರೀಕ್ ಹೊಸ ಒಡಂಬಡಿಕೆ ಅಚ್ಚು ಹಾಕಿಸಿದ ಎರಾಸ್ಮಸ್ 1516ರಲ್ಲೂ 1519ರಲ್ಲೂ 1 ಯೋಹಾನ 5:7ರ ತ್ರಯೈಕ್ಯದ ಸಾಲನ್ನು ಬಿಟ್ಟ, 1522ರಲ್ಲಿ ಸೇರಿಸಿದ. ಆ ಸಾಲು ಬಿದ್ದುಹೋದರೂ ತ್ರಯೈಕ್ಯ ಬೀಳುವುದಿಲ್ಲ. ಇದನ್ನು ಹದಿನಾರರ ಹುಡುಗನಿಗೆ ಮೊದಲೇ ಹೇಳಿಬಿಡಿ. ಹೊರಗಿನವರಿಂದ ಕೇಳಿದರೆ ನಮ್ಮವರು ಮುಚ್ಚಿಟ್ಟರು ಅಂದುಕೊಳ್ಳುತ್ತಾನೆ.

ಆಚೆ ಹೋದವಳು:
ಇದೆಲ್ಲ ದಾಟಿ ನಾನು ಕಥೋಲಿಕ ಸಭೆ ಸೇರಿದೆ, ಖುಷಿಯಾಗಿದ್ದೇನೆ. ಮದುವೆ ಮುರಿಯುವ ಹಂತಕ್ಕೆ ಹೋಗಿ ಬಂತು, ಅದನ್ನು ಇಲ್ಲಿ ಬರೆಯುವುದಿಲ್ಲ. 66 ಪುಸ್ತಕ ಅಂತ ತೀರ್ಮಾನಿಸಿದ್ದು ಯಾರು? ಪುಸ್ತಕಗಳ ಪಟ್ಟಿ ಯಾವ ಪುಸ್ತಕದಲ್ಲಿದೆ? ಲೂಥರ್ 1522ರಲ್ಲಿ ಯಾಕೋಬನ ಪತ್ರಿಕೆಯನ್ನು ಹುಲ್ಲಿನ ಪತ್ರಿಕೆ ಅಂದ. 1534ರ ಅವನ ಬೈಬಲಿನಲ್ಲೂ, 1611ರ ಇಂಗ್ಲಿಷ್ ಬೈಬಲಿನಲ್ಲೂ ನಿಮ್ಮ 66ರಲ್ಲಿ ಇಲ್ಲದ ಪುಸ್ತಕಗಳ ಗುಂಪು ಅಪೊಕ್ರಿಫ ಇತ್ತು.

ಹಳೇ ಬೈಂಡು:
ಇತ್ತು, ಬೇರೆ ಭಾಗವಾಗಿ, ಎರಡು ಒಡಂಬಡಿಕೆಗಳ ನಡುವೆ. ನಡತೆಗೆ ಮಾದರಿ ಅಂತ ಓದಿ, ಸಿದ್ಧಾಂತ ಕಟ್ಟಬೇಡಿ ಅಂತ ಆಂಗ್ಲಿಕನ್ನರ 39 ನಿಯಮಗಳಲ್ಲಿ 6ನೆಯದೇ ಹೇಳುತ್ತದೆ. ಯಾಕೋಬನನ್ನು ಲೂಥರ್ ಬೈದ, ಕಿತ್ತು ಹಾಕಲಿಲ್ಲ. ಕಥೋಲಿಕರ ಟ್ರೆಂಟ್ ಕೂಟ ಪಟ್ಟಿಗೆ ಮುದ್ರೆ ಒತ್ತಿದ್ದು 1546ರಲ್ಲಿ. ಅಲ್ಲಿಯವರೆಗೆ ನಿಮ್ಮಲ್ಲೂ ವಿದ್ವಾಂಸರು ಚರ್ಚೆ ಮಾಡುತ್ತಲೇ ಇದ್ದರು, ತಾಯಿ. ಸಭೆ ಒಪ್ಪಿದ್ದಕ್ಕಿಂತ ಹೆಚ್ಚಾಗಿ, ಪವಿತ್ರಾತ್ಮನು ಹೃದಯದಲ್ಲಿ ಸಾಕ್ಷಿ ಕೊಡುವುದರಿಂದ ಈ ಪುಸ್ತಕಗಳನ್ನು ನಂಬುತ್ತೇವೆ ಅಂತ ಸುಧಾರಿತ ಸಭೆಗಳ 1561ರ ಬೆಲ್ಜಿಕ್ ಅರಿಕೆ ಹೇಳಿಯಾಗಿದೆ.

ಆಚೆ ಹೋದವಳು:
‘ತಾಯಿ’ ಅನ್ನುವ ವ್ಯಂಗ್ಯ ಬೇಡ. ಹಾಗಾದರೆ 1529ರಲ್ಲಿ ಮಾರ್‌ಬರ್ಗ್‌ನಲ್ಲಿ ಆತ್ಮನು ಯಾರ ಹೃದಯದಲ್ಲಿ ಮಾತಾಡಿದ? ‘ಇದು ನನ್ನ ದೇಹ’ ಅನ್ನುವ ಒಂದೇ ವಾಕ್ಯ. ದೇಹ ರೊಟ್ಟಿಯಲ್ಲಿ ನಿಜವಾಗಿ ಇದೆ ಅಂತ ಲೂಥರ್ ಒಂದು ಕಡೆ, ಅದು ಗುರುತು ಅಂತ ಜೂರಿಕ್ ಸುಧಾರಕ ಜ್ವಿಂಗ್ಲಿ ಇನ್ನೊಂದು ಕಡೆ.

ಅಂಚಿನ ಟಿಪ್ಪಣಿ:
ಇದು ದೇವರ ಮಾತು ಅನ್ನುವ ನಿಶ್ಚಯ ಆತ್ಮನಿಂದ ಬರುತ್ತದೆ ಅಂದದ್ದು ಸುಧಾರಕ ಕ್ಯಾಲ್ವಿನ್. ಪ್ರತಿ ವಾಕ್ಯದ ಅರ್ಥವನ್ನೂ ಆತ್ಮನು ಕಿವಿಯಲ್ಲಿ ಹೇಳುತ್ತಾನೆ ಅಂತ ಅಲ್ಲ. ಶಾಸ್ತ್ರದಲ್ಲಿ ಎಲ್ಲವೂ ಒಂದೇ ಸಮ ಸ್ಪಷ್ಟವಿಲ್ಲ ಅಂತ ವೆಸ್ಟ್‌ಮಿನ್‌ಸ್ಟರ್ ಅರಿಕೆ 1:7 (1ನೇ ಅಧ್ಯಾಯ, 7ನೇ ಭಾಗ) ಒಪ್ಪುತ್ತದೆ. ರಕ್ಷಣೆಗೆ ಬೇಕಾದದ್ದು ಮಾತ್ರ, ಸಾಮಾನ್ಯ ಸಾಧನಗಳನ್ನು ಸರಿಯಾಗಿ ಬಳಸಿದರೆ, ವಿದ್ಯೆ ಇಲ್ಲದವರಿಗೂ ತಿಳಿಯುತ್ತದೆ.

ಹಳೇ ಬೈಂಡು:
ನೋಡಿ, ಸಾಮಾನ್ಯ ಸಾಧನ. ಅಂದರೆ ಉಪದೇಶ, ಅರಿಕೆ, ಹಿರಿಯರ ಪಾಠ. ನಾನು ಮೊದಲಿಂದ ಹೇಳುತ್ತಿರುವುದು ಅದೇ ಅಲ್ವಾ.

ಬೆರೋಯದ ದಾರಿ:
1:7ರಲ್ಲಿ ಅರಿಕೆ ಅಂತ ಎಲ್ಲಿದೆ? ತೋರಿಸಿ.

ಹಳೇ ಬೈಂಡು:
ತೆರೆದು ಓದಿ.

ಬೆರೋಯದ ದಾರಿ:
ಓದಿದೆ. ಇಲ್ಲ.